ಗೃಹಸ್ಥನ ಕೊನೆಯ ಕಾಯಕ

 

ಸತ್ಯಶುದ್ಧವಾದ ಕಾಯಕದಿಂದ ಹೊಲಮನೆಗಳನ್ನು ಸಂಪಾದಿಸುವುದು ಗೃಹಸ್ಥನ ಧರ್ಮವೆಂಬುದನ್ನು ಎಲ್ಲರೂ ಬಲ್ಲರು. ಸಂಪಾದಿಸಿದುದು ತನ್ನ ತರುವಾಯ ಯಾರ ಕೈ ಸೇರಬೇಕೆಂಬುದನ್ನು ಗೊತ್ತುಪಡಿಸಿಡುವುದೂ ಅದೇ ಧರ್ಮದ ಅಂಗವೆಂಬುದನ್ನು ಮಾತ್ರ ಬಹುಮಂದಿ ಮರೆಯುವರು. ಉಯಿಲು, ಅಂದರೆ ಮೃತ್ಯುಪತ್ರದ ಮಾತೆತ್ತಿದರೆ ಅಶುಭವೆಂದು ಹಿರಿಯರು ಮುಖ ತಿರುಗಿಸುವರು. ಮರಣವನ್ನು ಲಿಂಗೈಕ್ಯವೆಂದು ಕರೆವ ಸಂಪ್ರದಾಯದವರಿಗೆ ಈ ಅಂಜಿಕೆ ಒಪ್ಪತಕ್ಕದ್ದಲ್ಲ.

ಒಂದು ಮನೆಯನ್ನು ದೃಷ್ಟಾಂತವಾಗಿ ಕಲ್ಪಿಸಿಕೊಳ್ಳಬಹುದು. ತಾನೇ ಗಳಿಸಿದ 10 ಎಕರೆ ಹೊಲವನ್ನು ಬಿಟ್ಟು ಯಜಮಾನನು ಲಿಂಗೈಕ್ಯನಾದನು. ಹಿಂದೆ ಉಳಿದವರು ವೃದ್ಧ ತಾಯಿ, ಹೆಂಡತಿ, ಒಬ್ಬ ಮಗ, ಲಗ್ನವಾಗಿ ಹೋದ ಇಬ್ಬರು ಹೆಣ್ಣುಮಕ್ಕಳು. ಹೊಲವೆಲ್ಲ ಮಗನಿಗಿರಲಿ, ಅವನು ಅಜ್ಜಿಯನ್ನೂ ತಾಯಿಯನ್ನೂ ಸಲಹಲಿ ಎಂದು ಆತನು ಆಗಾಗ ಹೇಳುತ್ತಿದ್ದನು, ಬರೆದಿಡಲಿಲ್ಲ. ಅಂಥ ಬಾಯಿಮಾತು ಉಯಿಲಾಗಲಾರದು. 1956ರ ಹಿಂದೂ ಉತ್ತರಾಧಿಕಾರ ಶಾಸನವು ವೀರಶೈವ ಲಿಂಗಾಯತರನ್ನು ಹೆಸರಿಟ್ಟೇ ತನ್ನೊಳಗೆ ಸೇರಿಸಿಕೊಂಡಿದೆ; ಅದರಂತೆ ಈ ಐವರಿಗೂ ಸಮಭಾಗ, ತಲೆಗೆ 2 ಎಕರೆ. ಮಗನು ಪೌತಿ ಖಾತೆಗಾಗಿ ಸಹಿ ಬೇಡಿದನು. ಅಕ್ಕತಂಗಿಯರು ತಮ್ಮ ಪಾಲನ್ನು ಕೇಳಿದರು. ಅಂದಿನಿಂದ ಅವರಿಗೆ ತವರಿನ ಬಾಗಿಲು ಮುಚ್ಚಿತು. ದುಡಿದ ಮಗನದೂ ತಪ್ಪಲ್ಲ, ಹಕ್ಕು ಕೇಳಿದ ಮಕ್ಕಳದೂ ತಪ್ಪಲ್ಲ. ಹೇಳಬೇಕಾದವನು ಬರೆದು ಹೇಳದೆ ಹೋದುದೇ ತಪ್ಪು.

ಪಿತ್ರಾರ್ಜಿತದ ಮಾತು ಬೇರೆ. ಸ್ತ್ರೀಯರ ಹಕ್ಕಿಗಾಗಿ ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಶಾಸನ ಮಾಡಿದ್ದಿತು. 2005ರ ತಿದ್ದುಪಡಿಯು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಹಕ್ಕು ಕೊಟ್ಟಿತು. ಆ ವರ್ಷ ತಂದೆಯು ಜೀವಿಸಿರಲೇಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಮಾನಿಸಿತು. ಆದುದರಿಂದ ತಂದೆಯು ಪಿತ್ರಾರ್ಜಿತದಲ್ಲಿ ತನ್ನ ಪಾಲಿಗೆ ಮಾತ್ರ ಉಯಿಲು ಬರೆಯಬಹುದು. ಮಕ್ಕಳ ಪಾಲಿಗೆ ಬರೆಯಲು ಅವನಿಗೆ ಅಧಿಕಾರವಿಲ್ಲ. ಸ್ವಯಾರ್ಜಿತವನ್ನು ತನ್ನ ಇಚ್ಛೆಯಂತೆ ಕೊಡಬಹುದು.

ಉಯಿಲು ಬರೆವುದು ಕಷ್ಟದ ಕೆಲಸವಲ್ಲ. ಪ್ರಾಪ್ತವಯಸ್ಸಿನ, ಸ್ವಸ್ಥಬುದ್ಧಿಯ ಯಾರಾದರೂ ಬರೆಯಬಹುದು. ಮುದ್ರಾಕಾಗದ ಬೇಡ, ಬಿಳಿಯ ಹಾಳೆ ಸಾಕು. ಹೊಲದ ಸರ್ವೆ ನಂಬರು, ಚಕ್ಕುಬಂದಿ, ಪಡೆಯುವವರ ಹೆಸರು ಸ್ಪಷ್ಟವಾಗಿರಬೇಕು. 1925ರ ಭಾರತೀಯ ಉತ್ತರಾಧಿಕಾರ ಶಾಸನದಂತೆ ಬರೆಸಿದವನು ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಬೇಕು. ಅದನ್ನು ಕಂಡ, ಇಲ್ಲವೆ ಅದು ತನ್ನದೇ ಎಂದು ಅವನಿಂದ ಕೇಳಿ ತಿಳಿದ ಇಬ್ಬರಾದರೂ ಸಾಕ್ಷಿಗಳು ಅವನ ಎದುರಿನಲ್ಲಿ ಸಹಿ ಮಾಡಬೇಕು. ಮುಂದೆ ವ್ಯಾಜ್ಯವಾದರೆ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯಬೇಕಾಗುವುದರಿಂದ ಅವರು ಬರೆಸಿದವನಿಗಿಂತ ಕಿರಿಯರೂ, ಆಸ್ತಿಯಲ್ಲಿ ಪಾಲು ಪಡೆಯದವರೂ ಆಗಿದ್ದರೆ ಲೇಸು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಸಂಶಯಕ್ಕೆ ಎಡೆ ಕಡಮೆ. ಬದುಕಿರುವವರೆಗೆ ಉಯಿಲನ್ನು ಎಷ್ಟು ಸಲವಾದರೂ ಬದಲಿಸಬಹುದು, ರದ್ದು ಮಾಡಬಹುದು. ಬರೆದೊಡನೆ ಆಸ್ತಿ ಕೈಬಿಟ್ಟುಹೋಯಿತೆಂಬ ಹಿರಿಯರ ಭಯಕ್ಕೆ ಆಧಾರವಿಲ್ಲ.

ಬ್ಯಾಂಕಿನ ಠೇವಣಿಗೆ ನಾಮಿನಿಯ ಹೆಸರು ಬರೆಸಿದ್ದರೆ ಸಾಕೆಂಬುದು ಇನ್ನೊಂದು ಭ್ರಮೆ. ನಾಮಿನಿಯು ಹಣವನ್ನು ಕೈಯಲ್ಲಿ ಪಡೆಯುವವನು. ಉಯಿಲಿನಂತೆ, ಅದಿಲ್ಲದಿದ್ದರೆ ಉತ್ತರಾಧಿಕಾರ ಶಾಸನದಂತೆ, ಅದು ವಾರಸುದಾರರಿಗೆ ಸಲ್ಲತಕ್ಕದ್ದು.

ತಾಯಂದಿರೂ ಇದನ್ನು ಗಂಡಸರ ಕೆಲಸವೆಂದು ಬಿಡಬಾರದು. ಮಕ್ಕಳಿಲ್ಲದ ವಿಧವೆಯೊಬ್ಬಳು ತಾನೇ ದುಡಿದು ಕೂಡಿಟ್ಟ ಹಣವು, ಆಕೆ ಉಯಿಲು ಬರೆಯದೆ ಹೋದರೆ, ಹೆತ್ತ ತಾಯಿಗೆ ಬಾರದೆ ಗಂಡನ ವಾರಸುದಾರರಿಗೆ ಮೊದಲು ಸೇರುವುದು. ತನ್ನನ್ನು ಕಡೆಗಾಲದಲ್ಲಿ ಸಲಹಿದ ತಾಯಿಗೆ ಅದು ದೊರೆಯಬೇಕೆಂದು ಆಕೆ ಬಯಸಿದರೆ, ಒಂದು ಹಾಳೆಯೂ ಇಬ್ಬರು ಸಾಕ್ಷಿಗಳೂ ಬೇಕು.

ಕಡೆಗೆ ಮಠದ ಆವರಣದಲ್ಲಿಯೇ ಆಡಬೇಕಾದ ಮಾತೊಂದು ಉಂಟು. ದಾಸೋಹಕ್ಕಾಗಿ ಭೂಮಿ ಬರೆವುದು ಪುಣ್ಯಕಾರ್ಯವೇ ಸರಿ. ಆದರೆ ಮನೆಯ ಮುದುಕಿಯ ತುತ್ತಿಗೂ, ನಿರ್ಗತಿಕಳಾದ ಮಗಳ ನೆರಳಿಗೂ ಏರ್ಪಾಡು ಮಾಡದೆ ಕೊಟ್ಟ ಭೂಮಿಯು ದಾಸೋಹವಾಗಲಾರದು. ಮೊದಲ ದಾಸೋಹವು ಮನೆಯ ಒಲೆಯ ಮುಂದೆ ನಡೆಯತಕ್ಕದ್ದು. ಆಮೇಲೆ ಉಳಿದುದರಲ್ಲಿ ಒಂದು ಹಿಡಿ ಜೋಳ ಬಂದರೂ ಗುರುಪೀಠಕ್ಕೆ ಅದು ತೃಪ್ತಿಯೇ.

ಈ ಉತ್ಸವ ಮುಗಿಸಿ ಮನೆಗೆ ಮರಳಿದ ಹಿರಿಯರು ಪಹಣಿ, ಪತ್ರಗಳನ್ನು ಪೆಟ್ಟಿಗೆಯಿಂದ ಹೊರತೆಗೆದು, ಹೆಂಡತಿಯನ್ನೂ ಗಂಡುಹೆಣ್ಣೆಂಬ ಭೇದವಿಲ್ಲದೆ ಎಲ್ಲ ಮಕ್ಕಳನ್ನೂ ಕೂಡಿಸಿಕೊಂಡು ಮನಸ್ಸಿನಲ್ಲಿರುವುದನ್ನು ಆಡಲಿ, ಆಡಿದುದನ್ನು ಬರೆದಿಡಲಿ. ಹೊಲ ಹಂಚಿಹೋದರೂ ಒಡಹುಟ್ಟಿದವರು ಒಂದೇ ಪಂಕ್ತಿಯಲ್ಲಿ ಪ್ರಸಾದಕ್ಕೆ ಕುಳ್ಳಿರುವಂತಾಗಲಿ.