ಗುಮಾಸ್ತನ ಕೈಯಲ್ಲಿ ಕ್ಯಾಮೆರಾ

(ನಮ್ಮ ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ಈ ಕೂಟದಲ್ಲಿ ಮಾತನಾಡಬೇಕೆಂದು ಅಪ್ಪಣೆ ಮಾಡಿದಾಗ ನಾನು ತುಸು ಅಳುಕಿದೆ. ನಾನು ಸಾಹಿತಿಯಲ್ಲ, ಪಂಡಿತನೂ ಅಲ್ಲ. ಬಿ.ಕಾಂ. ಮುಗಿಸಿ ಹನ್ನೊಂದು ವರ್ಷಗಳಿಂದ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಪರರ ಹಣ ಎಣಿಸುತ್ತಿರುವ ಗುಮಾಸ್ತ. "ನೀವು ಫೋಟೋ ತೆಗೆಯುತ್ತೀರಲ್ಲ, ಅದನ್ನೇ ಹೇಳಿ. ನಮ್ಮ ಹುಡುಗರಲ್ಲಿ ಕೆಲವರಿಗೆ ಆ ಹುಚ್ಚು ಹಿಡಿದಿದೆ, ಅವರ ತಂದೆತಾಯಿಗಳಿಗೆ ದಿಗಿಲು ಹಿಡಿದಿದೆ" ಎಂದರು. ಹುಚ್ಚು ಹಿಡಿಸಿಕೊಂಡವನೂ ನಾನೇ, ಮನೆಯವರಿಗೆ ದಿಗಿಲು ಹುಟ್ಟಿಸಿದವನೂ ನಾನೇ. ಆದುದರಿಂದ ಒಪ್ಪಿಕೊಂಡೆ.

ನಮ್ಮ ತಂದೆಯವರು ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ದಾದರಿನ ಒಂದು ಹೋಟೆಲಿನಲ್ಲಿ ಮೊದಲು ಲೋಟ ತೊಳೆದು, ಆಮೇಲೆ ದೋಸೆಕಲ್ಲಿನ ಮುಂದೆ ನಿಂತು ಮೂವತ್ತು ವರ್ಷ ಕಳೆದರು. ಇಲ್ಲಿ ಕುಳಿತಿರುವ ಅನೇಕರ ಮನೆಯ ಕಥೆಯೂ ಇದೇ. ಅವರು ತೀರಿಕೊಂಡಾಗ ಗೋಡೆಗೆ ಹಾಕಲು ಅವರದೊಂದು ಚಿತ್ರ ಮನೆಯಲ್ಲಿರಲಿಲ್ಲ. ಪಾಸ್ ಬುಕ್ಕಿಗೆ ಅಂಟಿಸಿದ್ದ ಹೆಬ್ಬೆಟ್ಟಿನಗಲದ ಚಿತ್ರವನ್ನು ಸ್ಟುಡಿಯೋಗೆ ಒಯ್ದು ಹಿಗ್ಗಿಸಿ ಕೊಡಿ ಎಂದೆವು. ಸ್ಟುಡಿಯೋದವನು ಪಾಪ, ಒಳ್ಳೆಯದೆಂದೇ ತಿಳಿದು ಅವರಿಗೊಂದು ನೀಲಿ ಕೋಟು ತೊಡಿಸಿಕೊಟ್ಟ. ಜೀವಮಾನದಲ್ಲಿ ಕೋಟು ಮುಟ್ಟದ ಮನುಷ್ಯ ಈಗಲೂ ನಮ್ಮ ಗೋಡೆಯ ಮೇಲೆ ಕೋಟು ಹಾಕಿಕೊಂಡು ನಿಂತಿದ್ದಾರೆ. ಆ ಚಿತ್ರವನ್ನು ಕಂಡಾಗಲೆಲ್ಲ, ಬೆಂಕಿಯ ಮುಂದೆ ಬನಿಯನ್ನಿನಲ್ಲಿ ನಿಂತು ಬೆವರುತ್ತಿದ್ದ ನಮ್ಮ ಅಪ್ಪ ಎಲ್ಲಿ ಹೋದರು ಎಂದು ನಾನು ಕೇಳಿಕೊಳ್ಳುತ್ತಿದ್ದೆ. ನನಗೆ ಕ್ಯಾಮೆರಾದ ಆಸೆ ಹುಟ್ಟಿದ್ದು ಅಲ್ಲಿ.

ಕೆಲಸ ಖಾಯಂ ಆದ ಮೇಲೆ ಕ್ರೆಡಿಟ್ ಸೊಸೈಟಿಯಲ್ಲಿ ಸಾಲ ತೆಗೆದು ಫೋರ್ಟಿನ ಬೋರಾ ಬಜಾರಿನಲ್ಲಿ ಯಾರೋ ಬಳಸಿಬಿಟ್ಟ ಕ್ಯಾಮೆರಾವೊಂದನ್ನು 28,000 ರೂಪಾಯಿಗೆ ಕೊಂಡೆ. ಹದಿನೆಂಟು ಕಂತು. ಬಿ.ಕಾಂ. ಓದಿದ ದೋಷವೋ ಏನೋ, ಅಂದೇ ಒಂದು ನೋಟುಬುಕ್ಕಿನಲ್ಲಿ 'ಚಿತ್ರ ಖಾತೆ' ಎಂದು ಬರೆದು ಖರ್ಚು, ಜಮೆ, ಸವಕಳಿ ಎಲ್ಲ ಬರೆಯತೊಡಗಿದೆ. ಜಮೆಯ ಕಡೆ ಬಹುಕಾಲ ಏನೂ ಬೀಳಲಿಲ್ಲವೆಂಬುದನ್ನು ಹುಡುಗರಿಗೆ ಮೊದಲೇ ತಿಳಿಸಿಬಿಡುತ್ತೇನೆ.

ಈ ವಿದ್ಯೆಗೂ ನಮ್ಮ ದಾದರಿಗೂ ಇರುವ ನಂಟು ಸಣ್ಣದಲ್ಲ. ಪೂರ್ವ ಭಾಗದ ದಾದಾಸಾಹೇಬ ಫಾಳ್ಕೆ ರಸ್ತೆಯಲ್ಲಿ ನಾವು ನಿತ್ಯ ಓಡಾಡುತ್ತೇವೆ. ನಮಗೆ ಅದು ಬೋರ್ಡಿನ ಮೇಲಿನ ಹೆಸರು ಮಾತ್ರ. ಆ ರಸ್ತೆಯ ಮನೆಯೊಂದರಲ್ಲೇ ಫಾಳ್ಕೆಯವರು 'ರಾಜಾ ಹರಿಶ್ಚಂದ್ರ' ತಯಾರಿಸಿದರು; 1913ರ ಮೇ 3ರಂದು ಗಿರಗಾಂವಿನ ಕೊರೊನೇಶನ್ ಥಿಯೇಟರಿನಲ್ಲಿ ಅದು ತೆರೆಗೆ ಬಂತು. ಅದಕ್ಕೆ ಬಹಳ ಮುಂಚೆ ಅವರು ನನ್ನಂತೆ, ನಿಮ್ಮ ಮಕ್ಕಳಂತೆ, ಬರಿಯ ಫೋಟೋ ಹುಚ್ಚಿನವರು. ಗೋಧ್ರಾದಲ್ಲಿ ಸ್ಟುಡಿಯೋ ಇಟ್ಟರು. ಪ್ಲೇಗಿನಲ್ಲಿ ಹೆಂಡತಿಯೂ ಮಗುವೂ ಹೋದರು. ಕ್ಯಾಮೆರಾ ಮನುಷ್ಯನ ಮೈಯ ಶಕ್ತಿಯನ್ನು ಹೀರುತ್ತದೆಂದು ಹೆದರಿ ಗಿರಾಕಿಗಳು ಬರುತ್ತಿರಲಿಲ್ಲವೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಮುಂದೆ ಸಿನಿಮಾ ಮಾಡಲು ಹೊರಟಾಗ ನಲವತ್ತು ದಾಟಿತ್ತು. ವಿಮಾ ಪಾಲಿಸಿಯನ್ನು ಅಡವಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ ಕ್ಯಾಮೆರಾ ತಂದರು. ಬ್ಯಾಂಕಿನವನಾದ ನನಗೆ ಇದನ್ನು ಓದಿ ಎದೆ ಝಲ್ಲೆಂದಿತು. ಹಣ ಕೊಡುವವರನ್ನು ನಂಬಿಸಲು ಅವರು ಮಾಡಿದ ಉಪಾಯ ಇನ್ನೂ ಸೊಗಸು. ಕುಂಡದಲ್ಲಿ ಬಟಾಣಿ ಬಿತ್ತಿ, ಅದು ಮೊಳೆತು ಬಳ್ಳಿಯಾಗುವುದನ್ನು ದಿನ ದಿನವೂ ಸ್ವಲ್ಪ ಸ್ವಲ್ಪವಾಗಿ ಚಿತ್ರಿಸಿ, ಎಲ್ಲವನ್ನೂ ಒಟ್ಟಿಗೆ ಓಡಿಸಿ ತೋರಿಸಿದರು. ಎರಡನೆಯ ಹೆಂಡತಿ ಸರಸ್ವತೀಬಾಯಿ ಒಡವೆಗಳನ್ನು ಬಿಚ್ಚಿಕೊಟ್ಟರು. ಸಾಲದ್ದಕ್ಕೆ ಇಡೀ ತಂಡಕ್ಕೆ ಅಡಿಗೆ ಮಾಡಿ ಬಡಿಸಿದರು. ರಸ್ತೆಗೆ ಆ ತಾಯಿಯ ಹೆಸರನ್ನೂ ಸೇರಿಸಬಹುದಿತ್ತೆಂದು ನನಗೆ ಅನಿಸುವುದುಂಟು.

ನಮ್ಮವರ ವಿಷಯಕ್ಕೆ ಬರುತ್ತೇನೆ. ವಿ.ಕೆ. ಮೂರ್ತಿ ಮತ್ತು ಟಿ.ಎಸ್. ಸತ್ಯನ್, ಇಬ್ಬರೂ 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಇಬ್ಬರೂ ಈ ಮುಂಬಯಿಯ ನೀರು ಕುಡಿದವರು. ಮೂರ್ತಿಯವರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಬಂದರು. 1951ರ 'ಬಾಝಿ' ಚಿತ್ರದಲ್ಲಿ ಸಹಾಯಕರಾಗಿದ್ದಾಗ ಗುರುದತ್ತರ ಕಣ್ಣಿಗೆ ಬಿದ್ದರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕತ್ತಲೆಯ ಸ್ಟುಡಿಯೋದೊಳಗೆ ಮೇಲಿನಿಂದ ಬೆಳಕಿನ ಕಂಬವೊಂದು ಇಳಿದು ಬರುವುದನ್ನು ನೀವು ನೋಡಿರಬಹುದು. ಅದಕ್ಕೆ ಅವರು ಯಾವ ದೊಡ್ಡ ದೀಪವನ್ನೂ ತರಿಸಲಿಲ್ಲ. ಹೊರಗಿನ ಬಿಸಿಲಿಗೆ ಒಂದು ದೊಡ್ಡ ಕನ್ನಡಿ ಹಿಡಿದು, ಅದರ ಬೆಳಕು ಒಳಗಿನ ಇನ್ನೊಂದು ಕನ್ನಡಿಗೆ ಬೀಳುವಂತೆ ಮಾಡಿ, ಅಲ್ಲಿಂದ ಕೆಳಕ್ಕೆ ಇಳಿಸಿದರು. ಸೂರ್ಯ ಬಿಟ್ಟಿ, ಖರ್ಚು ಕನ್ನಡಿಯದಷ್ಟೆ. 2008ನೇ ಸಾಲಿನ ದಾದಾಸಾಹೇಬ ಫಾಳ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕನೊಬ್ಬನಿಗೆ ಆ ಗೌರವ ಸಂದದ್ದು ಅದೇ ಮೊದಲು.

ಸತ್ಯನ್ನರದು ಬೇರೆ ದಾರಿ. 1948ರಲ್ಲಿ ಬೆಂಗಳೂರಿನ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯಲ್ಲಿ ತೊಡಗಿ, ಬಳಿಕ ಮುಂಬಯಿಯ 'ಇಲಸ್ಟ್ರೇಟೆಡ್ ವೀಕ್ಲಿ'ಗೆ ಬಂದರು. ಆಮೇಲೆ ತಿಂಗಳ ಸಂಬಳವನ್ನೇ ಬಿಟ್ಟು ಸ್ವತಂತ್ರರಾದರು. 1977ರಲ್ಲಿ ಪದ್ಮಶ್ರೀ ಬಂತು. ನನಗೆ ಪ್ರಿಯವಾದವು ಅವರ ಮಕ್ಕಳ ಚಿತ್ರಗಳು. ಆ ಮಕ್ಕಳು ಕ್ಯಾಮೆರಾ ಇರುವುದನ್ನೇ ಮರೆತಂತಿರುತ್ತಾರೆ. ಅಪರಿಚಿತನೊಬ್ಬನನ್ನು ಮಕ್ಕಳು ಹಾಗೆ ಮರೆಯಬೇಕಾದರೆ ಅವನು ಎಷ್ಟು ಹೊತ್ತು ಸುಮ್ಮನೆ ಕುಳಿತಿರಬೇಕು, ಯೋಚಿಸಿ.

ಸಂಬಳ ಬಿಟ್ಟ ಸತ್ಯನ್ನರ ಕಥೆ ನನ್ನ ತಲೆ ಕೆಡಿಸಿತೆಂದು ಒಪ್ಪಿಕೊಳ್ಳುತ್ತೇನೆ. ಬ್ಯಾಂಕ್ ನೌಕರನು ಲಿಖಿತ ಅನುಮತಿಯಿಲ್ಲದೆ ಹೊರಗೆ ಯಾವ ವ್ಯಾಪಾರವನ್ನೂ ಮಾಡುವಂತಿಲ್ಲ. ಫೋಟೋ ತೆಗೆದು ಹಣ ಪಡೆಯಬೇಕಾದರೆ ಕುರ್ಚಿ ಬಿಡಬೇಕು. ರಾಜೀನಾಮೆಯ ಪತ್ರ ಬರೆದು, ತಾರೀಖು ಮಾತ್ರ ಹಾಕದೆ, ಕ್ಯಾಮೆರಾ ಚೀಲದಲ್ಲಿ ಇಟ್ಟುಕೊಂಡು ನಾಲ್ಕು ತಿಂಗಳು ತಿರುಗಿದೆ. ಮನೆಯವಳು ಅದನ್ನು ಕಂಡಳು, ಏನೂ ಅನ್ನಲಿಲ್ಲ. ಮಗುವಿನ ಶಾಲೆಯ ಫೀಸಿನ ರಸೀತಿಯನ್ನು ಮಡಿಸಿ ಅದೇ ಚೀಲದಲ್ಲಿ ಆ ಪತ್ರದ ಪಕ್ಕಕ್ಕೆ ಇಟ್ಟಳು. ನಮ್ಮ ತಾಯಿ ಮಾತ್ರ, "ಮಾಣಿ, ಕೆಲ್ಸ ಬಿಡ್‌ಬೇಡ" ಎಂದರು, ಅಷ್ಟೆ.

ಇದೇ ಸಮಯಕ್ಕೆ ಪರಿಚಿತರೊಬ್ಬರ ಮಗಳ ಮದುವೆ. ಹಣದ ಮಾತಿಲ್ಲ, ಸ್ನೇಹಕ್ಕಾಗಿ ನಾನೇ ಚಿತ್ರ ತೆಗೆಯುತ್ತೇನೆಂದು ಮುಂದೆ ಬಿದ್ದೆ. ಕೈ ಪಳಗಿದೆಯೆಂದು ಲೋಕಕ್ಕೆ ತೋರಿಸುವ ಆಸೆ. ಬೆಳಗಿನಿಂದ ಸಂಜೆಯವರೆಗೆ ಆರುನೂರಕ್ಕೂ ಮೇಲ್ಪಟ್ಟು ಚಿತ್ರ ತೆಗೆದೆ. ರಾತ್ರಿ ಮನೆಗೆ ಬಂದು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ಮುಹೂರ್ತದ ಹೊತ್ತಿನದೊಂದೂ ಇಲ್ಲ. ರಿಪೇರಿಯವರು ಎರಡು ವಾರ ಇಟ್ಟುಕೊಂಡು ಊಟದ ಪಂಕ್ತಿಯ ಚಿತ್ರಗಳನ್ನು ಮಾತ್ರ ಬಿಡಿಸಿಕೊಟ್ಟರು. ಎರಡು ಕಾರ್ಡಿನಲ್ಲಿ ಹಂಚಿ ತೆಗೆಯಬೇಕು, ಮಧ್ಯೆ ಮಧ್ಯೆ ಇನ್ನೊಂದು ಕಡೆ ಇಳಿಸಿಡಬೇಕು ಎಂಬುದು ಮದುವೆ ಫೋಟೋದ ಅನುಭವಿಗಳೆಲ್ಲ ಬಲ್ಲ ಮಾತು. ಬ್ಯಾಂಕಿನಲ್ಲಿ ಒಂದು ಚೀಟಿಗೆ ಮೂರು ಪ್ರತಿ ಇಡುವ ನಾನು ಇಲ್ಲಿ ಅದನ್ನು ಮಾಡಲಿಲ್ಲ. ಆ ಮನೆಗೆ ಹೋಗಿ ವಿಷಯ ಹೇಳಿದ ದಿನವನ್ನು ವಿವರಿಸಲಾರೆ. ಹುಡುಗಿಯ ತಂದೆ ನನಗೆ ಕಾಫಿ ತರಿಸಿದರು. ಬೈದಿದ್ದರೆ ಮೇಲಾಗುತ್ತಿತ್ತು.

ಪತ್ರವನ್ನು ಹರಿದು ಹಾಕಿದೆ. ಹೆದರಿ ಹರಿದೆನೋ ತಿಳಿದು ಹರಿದೆನೋ ಎಂದು ಕೇಳಿದರೆ, ಮೊದಲು ಹೆದರಿಯೇ ಎಂದು ಹೇಳುತ್ತೇನೆ. ಆದರೆ ಹರಿದ ಮೇಲೆ ಒಂದು ಬಿಡುಗಡೆ ಸಿಕ್ಕಿತು. ಹಣಕ್ಕಾಗಿ ತೆಗೆಯಬೇಕಾಗಿಲ್ಲವಾದ ಮೇಲೆ ಯಾರೂ ಕೇಳದ ಚಿತ್ರಗಳನ್ನು ತೆಗೆಯಬಹುದಲ್ಲ! ಬೆಳಗಿನ ಐದಕ್ಕೆ ಎದ್ದು ದಾದರ್ ಪಶ್ಚಿಮದ ಹೂವಿನ ಮಾರುಕಟ್ಟೆಗೆ ಹೋಗತೊಡಗಿದೆ. ಗೊಂಡೆ ಹೂವಿನ ಮೂಟೆ, ತಲೆಯ ಮೇಲೆ ಬುಟ್ಟಿ, ಹಳದಿ ಬಲ್ಬು, ಅದರ ಹಿಂದೆ ನಿಧಾನವಾಗಿ ನೀಲಿಯಾಗುವ ಆಕಾಶ. ಬಲ್ಬಿನ ಬೆಳಕೂ ಆಕಾಶದ ಬೆಳಕೂ ಸಮಸಮವಾಗಿ ತೂಗುವುದು ಕೆಲವೇ ನಿಮಿಷ. ಆ ನಿಮಿಷಗಳನ್ನು ಗುರುತಿಸಲು ನನಗೆ ಒಂದು ವರ್ಷ ಹಿಡಿಯಿತು. ಮೊದಮೊದಲು ಹೂವಾಡಿಗರು ನನ್ನನ್ನು ಗದರುತ್ತಿದ್ದರು. ದಾರಿಗೆ ಅಡ್ಡ ನಿಂತರೆ ಗದರದೆ ಏನು ಮಾಡಿಯಾರು? ತೆಗೆದ ಚಿತ್ರವನ್ನು ಅಚ್ಚು ಹಾಕಿಸಿ ಅವರ ಕೈಯಲ್ಲೇ ಕೊಟ್ಟ ಮೇಲೆ ಗದರುವುದು ನಿಂತಿತು. ಹುಡುಗರು ಸ್ಫೂರ್ತಿ ಎಲ್ಲಿಂದ ಬರುತ್ತದೆಂದು ಕೇಳುತ್ತಾರೆ. ನನಗಂತೂ ಅದು ಒಂದೇ ಗಲ್ಲಿಗೆ ಇನ್ನೂರು ಸಲ ಹೋದ ಮೇಲೆ ಬಂದದ್ದು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಪ್ರತಿವರ್ಷ ಡಿಸೆಂಬರ್ 6ರಂದು ಬಾಬಾಸಾಹೇಬ ಅಂಬೇಡ್ಕರರ ಚೈತ್ಯಭೂಮಿಗೆ ಲಕ್ಷಾಂತರ ಜನ ಬರುತ್ತಾರೆ; ಶಿವಾಜಿ ಪಾರ್ಕು ತುಂಬಿಹೋಗುತ್ತದೆ. ಆ ಜನರಲ್ಲಿ ಕಲಬುರಗಿ, ಬೀದರ, ಬೆಳಗಾವಿಯ ಕಡೆಯವರೂ ಇರುತ್ತಾರೆ. ಹತ್ತಿರದಲ್ಲೇ ಇದ್ದ ನನಗೆ ಇದು ಬಹುಕಾಲ ಗೊತ್ತಿರಲಿಲ್ಲ. ಒಮ್ಮೆ ಕ್ಯಾಮೆರಾ ಹಿಡಿದು ಸಾಲಿನ ಪಕ್ಕ ನಿಂತಿದ್ದಾಗ ಹಿಂದಿನಿಂದ ಅಚ್ಚ ಕನ್ನಡ ಕೇಳಿಸಿತು. ಬಿಳಿಯ ಸೀರೆಯ ಇಬ್ಬರು ಮುದುಕಿಯರು. ನಾನು ಕನ್ನಡದಲ್ಲಿ ಮಾತನಾಡಿಸಿದೆ. ಹಿರಿಯಾಕೆ ಕೈ ಹಿಡಿದುಕೊಂಡು, "ತಮ್ಮಾ, ನಂದೂ ನಮ್ಮ ತಂಗೀದೂ ಜೋಡೀಲೆ ಒಂದ್ ಫೋಟೋ ತಗಿ. ಹುಟ್ಟಿದಾಗಿಂದ ಒಂದೂ ಇಲ್ಲ" ಎಂದರು. ತೆಗೆದೆ. ಮೊಮ್ಮಗ ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯ ವಿಳಾಸ ಬರೆಸಿದ. ಅಂಚೆಯಲ್ಲಿ ಕಳಿಸಿದೆ. ಮೂರು ವಾರದ ಮೇಲೆ ಮಧ್ಯಾಹ್ನ, ನಾನು ಕೌಂಟರಿನಲ್ಲಿದ್ದಾಗ ಫೋನು ಬಂತು. "ಫೋಟೋ ಬಂತ್ರೀ ಸರ. ಅಮ್ಮನ ತಂಗಿ ಹೋದ ವಾರ ತೀರ್‍ಕೊಂಡ್ರು. ಇದೊಂದ ಅದ ಈಗ" ಎಂದ. ಕಿಟಕಿಯ ಆಚೆ ಟೋಕನ್ ಹಿಡಿದು ನಿಂತಿದ್ದ ಗಿರಾಕಿ ನನ್ನ ಮುಖ ನೋಡಿ, "ಸಾವಕಾಶ" ಎಂದು ಮರಾಠಿಯಲ್ಲಿ ಹೇಳಿ ಬೆಂಚಿನ ಮೇಲೆ ಕುಳಿತ.

ಅಂದಿನಿಂದ ಪ್ರತಿ ಡಿಸೆಂಬರಿನಲ್ಲಿ ರಜೆ ಹಾಕಿ ಹೋಗುತ್ತೇನೆ. ನಮ್ಮ ಕಡೆಯವರನ್ನು ಕಂಡರೆ ಚಿತ್ರ ತೆಗೆದು ವಿಳಾಸ ಬರೆದುಕೊಳ್ಳುತ್ತೇನೆ. ಹೋದ ಸಲ 43 ಲಕೋಟೆ ಕಳಿಸಿದೆ. ಚಿತ್ರ ಖಾತೆಯಲ್ಲಿ ಅವುಗಳ ಅಂಚೆ ವೆಚ್ಚ ಖರ್ಚಿನ ಕಡೆಗೇ ಇದೆ. ಜಮೆಯ ಕಡೆ ಏನು ಬರೆಯಬೇಕೆಂದು ಈ ಬಿ.ಕಾಂ.ಗೆ ಹೊಳೆದಿಲ್ಲ. ಅವುಗಳಲ್ಲಿ ಒಂಬತ್ತು ಲಕೋಟೆ ವಿಳಾಸ ಸರಿಯಿಲ್ಲವೆಂದು ಹಿಂದಿರುಗಿ ಬಂದಿವೆ. ತಪ್ಪು ಅವರದಲ್ಲ; ಗದ್ದಲದಲ್ಲಿ ನಾನೇ ಅರ್ಧಂಬರ್ಧ ಬರೆದುಕೊಂಡಿರಬೇಕು. ಆ ಒಂಬತ್ತು ಚಿತ್ರಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಹರಡಿಟ್ಟಿದ್ದೇನೆ. ಈ ಸಭೆಯಲ್ಲಿ ಕಲಬುರಗಿ, ಯಾದಗಿರಿ, ಬೀದರದ ಕಡೆಯವರು ಇದ್ದೀರಿ. ಕಾಫಿಗೆ ಹೋಗುವಾಗ ದಯವಿಟ್ಟು ಒಮ್ಮೆ ನೋಡಿ. ಯಾರ ಮುಖದ ಗುರುತಾದರೂ ಹತ್ತಿದರೆ ಚಿತ್ರದ ಬೆನ್ನಿಗೆ ಊರಿನ ಹೆಸರು ಬರೆದುಕೊಡಿ. ಪೆನ್ಸಿಲು ಅಲ್ಲೇ ಇದೆ.