ಕೆರಳುವ ಕರುಳು: ಏನು ಬಿಡಬೇಕು, ಎಷ್ಟು ದಿನ ಬಿಡಬೇಕು?



ಹೊಟ್ಟೆಯ ವಿಷಯ ನಾಲ್ಕು ಜನರ ಮುಂದೆ ಆಡಲು ನಮಗೆಲ್ಲ ಸಂಕೋಚ. ಹೊಟ್ಟೆ ಉಬ್ಬರ, ನುಲಿತ, ಒಮ್ಮೆ ಭೇದಿಯಾದರೆ ಇನ್ನೊಮ್ಮೆ ಮಲಬದ್ಧತೆ, ಪರೀಕ್ಷೆ ಮಾಡಿಸಿದರೆ ಎಲ್ಲವೂ ನಾರ್ಮಲ್. ಇದೇ ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಐಬಿಎಸ್. ಬಾಯಿಬಿಡದೆ ವರ್ಷಗಟ್ಟಲೆ ಅನುಭವಿಸುವವರಲ್ಲಿ ಹೆಂಗಸರು ಬಹಳ ಮಂದಿ.

"ನಮ್ಮಮ್ಮನಿಗೂ ಹೀಗೇ ಇತ್ತು, ವಂಶದ್ದು" ಎನ್ನುತ್ತೇವೆ. ಪೂರ್ತಿ ಸುಳ್ಳಲ್ಲ. 2021ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಐಬಿಎಸ್ ಇರುವ 53,400 ಜನರ ವಂಶವಾಹಿಗಳನ್ನು ನೋಡಿ, ಆರು ಕಡೆ ವ್ಯತ್ಯಾಸ ಗುರುತಿಸಿತು. ಕೆಲವು ಆತಂಕ, ಖಿನ್ನತೆಗೂ ಸಂಬಂಧಪಟ್ಟವು. ಆದರೂ ಒಟ್ಟಿನಲ್ಲಿ ವಂಶವಾಹಿಗಳ ಪಾಲು ಸಣ್ಣದು. ಅಮ್ಮನಿಂದ ಅಡುಗೆಯ ರೂಢಿಯೂ ಬಂದಿರುತ್ತದೆ, ಎಲ್ಲರದೂ ಆದಮೇಲೆ ಹೊತ್ತುಮೀರಿ ಉಣ್ಣುವ ಅಭ್ಯಾಸವೂ ಬಂದಿರುತ್ತದೆ. ಫಸ್ಟ್ ಶಿಫ್ಟು, ನೈಟ್ ಶಿಫ್ಟು ನೋಡಿಕೊಂಡು ಅಡುಗೆ ಮಾಡುವ ಚಾಕಣದ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಪಥ್ಯ. ಆಸ್ಟ್ರೇಲಿಯಾದ ಮೊನ್ಯಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಲೋ ಫಾಡ್‌ಮ್ಯಾಪ್ ಕ್ರಮ ಇಂದು ಹೆಚ್ಚು ಬಳಕೆಯಲ್ಲಿದೆ. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದ ಕೆಲವು ಸಕ್ಕರೆ ಅಂಶಗಳು ದೊಡ್ಡ ಕರುಳಿಗೆ ಇಳಿದು, ಅಲ್ಲಿ ಹುದುಗಿ ಗಾಳಿ ತುಂಬಿಸುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಬೇಳೆಕಾಳು, ಹಾಲು ಈ ಗುಂಪಿನವು. ಈರುಳ್ಳಿ ಮಾರುಕಟ್ಟೆಗೇ ಹೆಸರಾದ ಚಾಕಣದಲ್ಲಿ ನಿಂತು ಉಳ್ಳಾಗಡ್ಡಿ ಬಿಡಿ ಎನ್ನಲು ನನಗೂ ಧೈರ್ಯ ಬೇಕು! ಶ್ರಾವಣದಲ್ಲಿ ಈರುಳ್ಳಿ-ಬೆಳ್ಳುಳ್ಳಿ ಬಿಟ್ಟಾಗ ಹೊಟ್ಟೆ ಹಗುರವಾಗುವುದು ನಿಮ್ಮ ಗಮನಕ್ಕೆ ಬಂದಿದ್ದರೆ, ಅದೊಂದು ಸುಳಿವು.

ಆದರೆ ಬಿಡುವುದು ಎರಡರಿಂದ ಆರು ವಾರ ಮಾತ್ರ. ಆಮೇಲೆ ಒಂದೊಂದೇ ಪದಾರ್ಥವನ್ನು ಮೂರು ದಿನ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ತಿಂದು, ಬರೆದಿಟ್ಟು ನೋಡಬೇಕು. ಒಗ್ಗಿದ್ದು ತಟ್ಟೆಗೆ ವಾಪಸ್ ಬರಬೇಕು. ನಮ್ಮಲ್ಲಿ ಆಗುವುದೇ ಬೇರೆ: ಆರು ವಾರದ ಪಥ್ಯ ಆರು ವರ್ಷ ನಡೆಯುತ್ತದೆ, ಬಿಟ್ಟ ಪದಾರ್ಥಗಳ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ, ಕ್ಯಾಲ್ಸಿಯಂ ಸಾಲದು, ಮನೆಯಾಕೆ ಅನ್ನ-ಮಜ್ಜಿಗೆಯಲ್ಲೇ ದಿನ ತಳ್ಳುತ್ತಾಳೆ. ಇದನ್ನು ನಾನು ಪಥ್ಯ ಎನ್ನುವುದಿಲ್ಲ.

ಅಡುಗೆಮನೆಯಲ್ಲಿ ದಾರಿಗಳಿವೆ. ಬೆಳ್ಳುಳ್ಳಿಯ ತೊಂದರೆ ಕೊಡುವ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಎಸಳನ್ನು ಎಣ್ಣೆಯಲ್ಲಿ ಬಾಡಿಸಿ, ತೆಗೆದುಹಾಕಿ, ಅದೇ ಎಣ್ಣೆಯಲ್ಲಿ ಒಗ್ಗರಣೆ ಕೊಡಿ, ಘಮ ಉಳಿಯುತ್ತದೆ. ಸಾರಿನಲ್ಲಿ ಕುದಿಸಿ ತೆಗೆದರೆ ಪ್ರಯೋಜನವಿಲ್ಲ. ಕಾಳು ನೆನೆಸಿದ ನೀರು ಚೆಲ್ಲಿ. ಚಪಾತಿ ಆಗದಿದ್ದರೆ ಜೋಳದ ರೊಟ್ಟಿ ಇದ್ದೇ ಇದೆ. ಆದರೆ ಗೋಧಿ ಬಿಡುವ ಮೊದಲೇ ಸೀಲಿಯಾಕ್ ರಕ್ತಪರೀಕ್ಷೆ ಮಾಡಿಸಿ. ಬಿಟ್ಟಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು. ಈ ಕಾಯಿಲೆಯಲ್ಲಿ ವಂಶವಾಹಿಯ ಪಾತ್ರ ದೊಡ್ಡದು. ಒಡಹುಟ್ಟಿದವರಿಗಿದ್ದರೆ ನೀವೂ ನೋಡಿಸಿಕೊಳ್ಳಬೇಕು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇವ್ಯಾವುವೂ ಐಬಿಎಸ್ ಲಕ್ಷಣಗಳಲ್ಲ. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಹೊಟ್ಟೆ ಉಬ್ಬರ ಶುರುವಾಗಿ ನಿಲ್ಲದಿದ್ದರೆ ಅಂಡಾಶಯವನ್ನೂ ಪರೀಕ್ಷಿಸಬೇಕು. ಅಲ್ಲಿನ ಕ್ಯಾನ್ಸರ್ ಹೀಗೆಯೇ ಗ್ಯಾಸಿನ ವೇಷದಲ್ಲಿ ಬರುವುದುಂಟು. ಅಂಥವರು ಜೀರಿಗೆ ಕಷಾಯ ಕುಡಿದು ಕಾಯದೆ ಮೊದಲು ವೈದ್ಯರನ್ನು ಕಾಣಲಿ, ಪಥ್ಯದ ಮಾತು ಆಮೇಲೆ.