ನಿಸರ್ಗರಕ್ಷಣೆಯಲ್ಲಿ ಪ್ರಜೆಗಳ ಎಚ್ಚರವೂ ಸರಕಾರದ ಎಚ್ಚರವೂ



ಗಿಡಮರಗಳನ್ನೂ ನೆಲಜಲಗಳನ್ನೂ ಕಾಪಾಡತಕ್ಕವರು ಯಾರು? ಸರಕಾರವೋ, ಪ್ರಜೆಗಳೋ? ಈ ಪ್ರಶ್ನೆ ಬಂದ ಕೂಡಲೆ ಜನರು ಅಧಿಕಾರಿಗಳ ಕಡೆಗೂ ಅಧಿಕಾರಿಗಳು ಜನರ ಕಡೆಗೂ ಬೆರಳು ತೋರಿಸುವದು ವಾಡಿಕೆಯಾಗಿದೆ. ಆದರೆ ನಮ್ಮ ರಾಜ್ಯಘಟನೆಯು ಇದಕ್ಕೆ ಸಂದೇಹಕ್ಕೆಡೆಯಿಲ್ಲದ ಉತ್ತರವನ್ನು ಕೊಟ್ಟಿರುವದು. 1976ರ 42ನೆಯ ತಿದ್ದುಪಡಿಯಿಂದ ಸೇರಿದ 48ಎ ಅನುಚ್ಛೇದವು ಪರಿಸರವನ್ನೂ ಅರಣ್ಯ-ವನ್ಯಜೀವಿಗಳನ್ನೂ ರಕ್ಷಿಸಲು ರಾಜ್ಯವು ಯತ್ನಿಸಬೇಕೆಂದು ವಿಧಿಸಿತು. 51ಎ ಅನುಚ್ಛೇದವು ಅದೇ ಕಾರ್ಯವನ್ನು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸಾರಿತು. ಒಂದೇ ಭಾರ, ಹೊರುವ ಹೆಗಲು ಎರಡು. ಅವುಗಳಲ್ಲೊಂದು ಜಾರಿದರೆ ಏನಾಗುವದೆಂಬುದಕ್ಕೆ ಗದಗ ಜಿಲ್ಲೆಯ ಕಪ್ಪತಗುಡ್ಡವೇ ಸಾಕ್ಷಿಯಾಗಿದೆ.

ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಈ ಗುಡ್ಡಸಾಲು ಮಳೆ ಕಡಿಮೆಯಾದ ಸೀಮೆಯ ನಡುವೆ ನಿಂತಿದೆ. ಅದರ ಔಷಧಿಸಸ್ಯಗಳು ನಾಡಿನ ವೈದ್ಯರಿಗೆ ಚಿರಪರಿಚಿತವಾದವು. ಚಿರತೆ, ತೋಳ, ಕತ್ತೆಕಿರುಬಗಳಿಗೆ ಅದೇ ಮನೆ. ಗುಡ್ಡದ ಹುಲ್ಲೂ ಕುರುಚಲು ಗಿಡಗಳ ಬೇರುಗಳೂ ಮಳೆಯ ನೀರನ್ನು ತಡೆದು ಹಿಡಿದು ಮೆಲ್ಲಮೆಲ್ಲನೆ ನೆಲಕ್ಕಿಳಿಸುವವು. ಆ ನೀರೇ ಹಳ್ಳಕ್ಕೂ ಕೆರೆಗೂ ಬಾವಿಗೂ ಬರುವದು. ಗುಡ್ಡದ ಮೈ ಬರಿದಾದರೆ ಅದೇ ಮಳೆಯು ಒಮ್ಮೆಲೇ ಹರಿದು, ಮಣ್ಣನ್ನು ಕೊಚ್ಚಿ, ಕೆರೆಗಳನ್ನು ಹೂಳಿನಿಂದ ತುಂಬುವದು. ಆದರೆ ಅದರ ಗರ್ಭದಲ್ಲಿ ಚಿನ್ನವೂ ಕಬ್ಬಿಣದ ಅದಿರೂ ಇರುವವು. ಬ್ರಿಟಿಷರ ಕಾಲದಲ್ಲಿಯೇ ಇಲ್ಲಿ ಚಿನ್ನಕ್ಕಾಗಿ ಅಗೆತವು ನಡೆದಿತ್ತು. ಗುಡ್ಡದ ಮೇಲಿನ ಸಂಪತ್ತು ಎಲ್ಲರದು. ಒಳಗಿನ ಸಂಪತ್ತು ಅಗೆದವರದು. ಕಲಹದ ಮೂಲವೇ ಇದು.

2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಪರಿಸರದಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆಗೆ ರೈತರ ಭೂಮಿಯನ್ನು ಕೊಡುವ ಪ್ರಯತ್ನವು ನಡೆಯಿತು. ಆಗ ಗದುಗಿನ ಶ್ರೀ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ರೈತರ ಮುಂದೆ ನಿಂತರು. ಅದೇ ವರ್ಷದ ಜುಲೈ ತಿಂಗಳಲ್ಲಿ ಸರಕಾರವು ಆ ಯೋಜನೆಯನ್ನು ಕೈಬಿಟ್ಟಿತು. ಅನಂತರ 2015ರ ಡಿಸೆಂಬರದಲ್ಲಿ ಕಪ್ಪತಗುಡ್ಡವು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಜನರು ನಿಶ್ಚಿಂತರಾದರು. ಒಂದು ವರ್ಷವೂ ತುಂಬಲಿಲ್ಲ. 2016ರ ನವೆಂಬರದಲ್ಲಿ ಸರಕಾರವು ಆ ಘೋಷಣೆಯನ್ನು ಹಿಂತೆಗೆದುಕೊಂಡಿತು! ಒಂದು ಹಾಳೆಯಿಂದ ಬಂದ ರಕ್ಷಣೆಯು ಇನ್ನೊಂದು ಹಾಳೆಯಿಂದ ಹೋಯಿತು.

ಮತ್ತೆ ಜನರು ಎಚ್ಚತ್ತರು. 2017ರ ಫೆಬ್ರುವರಿಯಲ್ಲಿ ಮಹಾಸ್ವಾಮಿಗಳವರ ನೇತೃತ್ವದಲ್ಲಿ ಗದುಗಿನಲ್ಲಿ ಮೂರು ದಿನ ಅಹೋರಾತ್ರಿ ಧರಣಿಯು ನಡೆಯಿತು. ಎಪ್ರಿಲದಲ್ಲಿ ಘೋಷಣೆಯು ಮರಳಿ ಬಂದಿತು. 2019ರ ಮೇ ತಿಂಗಳಲ್ಲಿ ಕಪ್ಪತಗುಡ್ಡವು ವನ್ಯಜೀವಿಧಾಮವೇ ಆಯಿತು. ಅದನ್ನು ಕಾಣುವ ಮೊದಲೇ, 2018ರ ಅಕ್ಟೋಬರದಲ್ಲಿ, ಮಹಾಸ್ವಾಮಿಗಳು ಲಿಂಗೈಕ್ಯರಾಗಿದ್ದರು.

ಇದರಿಂದ ತಿಳಿಯತಕ್ಕದ್ದೇನು? ಸರಕಾರದ ಎಚ್ಚರವು ಪ್ರಜೆಗಳ ಎಚ್ಚರದ ನೆರಳು. ಕಾಯಿದೆಯು ಬೇಕು, ಬೇಕೇ ಬೇಕು. ಅದಿಲ್ಲದೆ ಜನರ ಕೂಗು ಗಾಳಿಗೆ ಹೋಗುವದು. ಆದರೆ ಜನರು ಮಲಗಿದರೆ ಕಾಯಿದೆಯೂ ಮಲಗುವದು. ಹೋರಾಟದ ದಿನ ಸಾವಿರಾರು ಜನ ಸೇರುವದು ಕಷ್ಟವಲ್ಲ. ಹೋರಾಟವು ಗೆದ್ದ ಮರುದಿನದಿಂದ ಕಾಯುವದೇ ಕಷ್ಟ.

ಇನ್ನು ನಮ್ಮ ಕಡೆಗೂ ನೋಡಿಕೊಳ್ಳೋಣ. ಬೇಸಿಗೆಯಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿಯಿಕ್ಕುವವರು ಪರದೇಶದಿಂದ ಬರುವದಿಲ್ಲ. ಜಾತ್ರೆಗೆ ಹೋಗಿ ದೇವರ ಸನ್ನಿಧಿಯಲ್ಲಿ ಪ್ಲಾಸ್ಟಿಕ್ಕಿನ ಕಸ ಚೆಲ್ಲಿ ಬರುವವರೂ ಭಕ್ತರೇ. ದಾಸೋಹದ ಎಲೆಯಲ್ಲಿ ಅನ್ನವನ್ನು ಕೆಡಿಸಬಾರದೆಂದು ಮಕ್ಕಳಿಗೆ ಕಲಿಸುವ ನಾವು, ನೀರನ್ನು ಕೆಡಿಸಬಾರದೆಂದು ಕಲಿಸದಿದ್ದರೆ ಅದು ಅರ್ಧ ಪಾಠವೇ ಸರಿ.

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಇರತಕ್ಕದ್ದು. ಊರಿನ ಗಿಡಬಳ್ಳಿ, ಪ್ರಾಣಿಪಕ್ಷಿ, ಬೀಜದ ತಳಿಗಳನ್ನೂ ಅವುಗಳ ಬಗೆಗೆ ಹಿರಿಯರಿಗಿರುವ ತಿಳಿವಳಿಕೆಯನ್ನೂ ಅದು ಬರೆದಿಡತಕ್ಕದ್ದು. ಊರಿಗೆ ಮರಳಿದ ಮೇಲೆ ತಾವೆಲ್ಲರೂ ಪಂಚಾಯತಿಗೆ ಹೋಗಿ ಆ ಸಮಿತಿಯು ಎಂದು ಕೂಡಿತ್ತು, ಆ ಪುಸ್ತಕದಲ್ಲಿ ಏನು ಬರೆದಿದೆ ಎಂದು ಕೇಳಿರಿ. ಕೇಳುವವರಿದ್ದಲ್ಲಿ ಮಾಡುವವರು ಹುಟ್ಟುವರು. ಗ್ರಾಮಸಭೆಯಲ್ಲಿ ಕೆರೆಯ ಮಾತು, ಗೋಮಾಳದ ಮಾತು ಬಂದಾಗ ಎದ್ದು ಹೋಗದೆ ಕುಳಿತುಕೊಳ್ಳಿರಿ. ಇದೂ ಒಂದು ಕಾಯಕವೇ.

ಗುಡ್ಡಕ್ಕೆ ಬಾಯಿಲ್ಲ. ಅದರ ಪರವಾಗಿ ಆಡಬೇಕಾದ ಬಾಯಿ ನಮ್ಮದು. ಈ ಎಚ್ಚರವು ಉತ್ಸವದೊಂದಿಗೆ ಮುಗಿಯದೆ ಮನೆಮನೆಯಲ್ಲಿ ಉಳಿಯಲೆಂದು ಬಿನ್ನವಿಸಿ, ನನ್ನೆರಡು ಮಾತುಗಳನ್ನು ಮುಗಿಸುತ್ತೇನೆ.